4:35ರ ಬಸ್ಸು ಮತ್ತು ನಮ್ಮ ನಾಟಕದ ಒಂದು ವರ್ಷ

ಜೂನ್ ಮೊದಲನೇ ವಾರ ನಾಟಕಕ್ಕೆ ಯಾರ್ಯಾರು ಬರ್ತೀರಿ ಅಂತ ಎಂಟು, ಒಂಬತ್ತು, ಹತ್ತು ಮೂರೂ ಕ್ಲಾಸಿಗೆ ಹೋಗಿ ಕೇಳಿದೆ, 31 ಮಕ್ಕಳು ಹೆಸರು ಕೊಟ್ರು. ಇಡೀ ಹೈಸ್ಕೂಲಲ್ಲಿ ಇರೋದೇ ನೂರಿಪ್ಪತ್ತು ಚಿಲ್ಲರೆ ಮಕ್ಕಳು, ಅದ್ರಲ್ಲಿ 31 ಅಂದ್ರೆ ಖುಷಿಗೆ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಮಾರನೇ ದಿನ ಸಂಜೆ 4:20ಕ್ಕೆ ಲಾಂಗ್ ಬೆಲ್ ಆದ ಕೂಡ್ಲೆ ಎಲ್ರೂ ಹಾಲಿಗೆ ಬಂದ್ರು, ಸುತ್ತ ನಿಲ್ಲಿಸಿ ಒಬ್ಬೊಬ್ರು ಹೆಸರು ಹೇಳಿ ಒಂದು ಕುಣಿತ ಹಾಕೋ ಆಟ ಶುರು ಮಾಡ್ದೆ, ಅರ್ಧ ಸುತ್ತೂ ಮುಗ್ದಿಲ್ಲ, 4:28ಕ್ಕೆ ಒಬ್ಬ ಬ್ಯಾಗ್ ಎತ್ಕೊಂಡ, ಅವನ ಹಿಂದೆ ಇಬ್ರು, ಆಮೇಲೆ ಒಂದು ಸಾಲೇ, "ಮಿಸ್ ಬಸ್, ಮಿಸ್ ಬಸ್" ಅಂತ ಕೊಡೆ ಬಿಚ್ಕೊಂಡು ಮಳೆಯಲ್ಲಿ ಓಡೇಬಿಟ್ರು. ಹಾಲಲ್ಲಿ ಉಳಿದೋರು 12 ಜನ.

ನಮ್ಮದು ದಕ್ಷಿಣ ಕೊಡಗು, ಸಿದ್ದಾಪುರದ ಕಡೆಯ ಒಂದು ಹೈಸ್ಕೂಲು. ನಾನು ಹುಟ್ಟಿ ಬೆಳೆದಿದ್ದು ಸೋಮವಾರಪೇಟೆ ಕಡೆ, ಇಲ್ಲಿ ಕನ್ನಡ ಟೀಚರ್ ಆಗಿ ಬಂದು ಒಂಬತ್ತು ವರ್ಷ ಆಯ್ತು. ಶಾಲೆಯ ಸುತ್ತ ನಾಲ್ಕೂ ದಿಕ್ಕಿಗೂ ಕಾಫಿ ತೋಟ. ಮಕ್ಕಳು ಬರೋದು ಎಲ್ಲಿಂದ ಅಂದ್ರೆ ಒಳಗಡೆ ಏಳೆಂಟು ಕಿಲೋಮೀಟರ್ ದೂರದ ತೋಟದ ಲೈನ್ ಮನೆಗಳಿಂದ ಅಂದ್ರೆ ಕೂಲಿಯವ್ರ ಸಾಲು ಮನೆಗಳಿಂದ, ಆದಿವಾಸಿಗಳ ಹಾಡಿಗಳಿಂದ, ಪೈಸಾರಿ ಅಂದ್ರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಕೊಂಡೋರ ಕಡೆಯಿಂದ, ಸ್ವಲ್ಪ ಜನ ಪೇಟೆಯಿಂದ. ಸಂಜೆ 4:35ಕ್ಕೆ ಒಂದು ಬಸ್ಸು. ಅದು ತಪ್ಪಿದ್ರೆ ಮುಂದಿನದು 6:10ಕ್ಕೆ, ಮಳೆಗಾಲದಲ್ಲಿ ಆ ಹೊತ್ತಿಗೆ ತೋಟದೊಳಗೆ ಕತ್ತಲೆ, ಬಸ್ ಇಳಿದು ಒಳಗೆ ಎರಡು ಕಿಲೋಮೀಟರ್ ನಡೀಬೇಕು, ನಮ್ಮ ಕಡೆ ಆ ಹೊತ್ತಲ್ಲಿ ರಸ್ತೆಗೆ ಆನೆ ಬರ್ತದೆ. ಇದು ಹೆದರಿಸೋಕೆ ಹೇಳೋ ಮಾತಲ್ಲ, ಪ್ರತಿ ವರ್ಷ ನಮ್ಮ ಸುತ್ತಮುತ್ತ ಯಾರಾದ್ರೂ ಒಬ್ರು ಆನೆ ತುಳಿದು ಹೋಗ್ತಾರೆ, ನಮ್ಮ ಮಕ್ಕಳ ಮನೆಯವ್ರೇ ಹೋಗಿದ್ದು ಉಂಟು. ಹಾಗಾಗಿ 4:35 ಅಂದ್ರೆ 4:35.

ಇದೆಲ್ಲ ನಂಗೆ ಗೊತ್ತಿದ್ದೂ ಆ ಜೂನಲ್ಲಿ ನಾನು ಮಾಡಿದ್ದು ಏನು ಅಂದ್ರೆ, ಉಳಿದ 12 ಜನರನ್ನೇ ಕ್ಲಬ್ ಅಂತ ಇಟ್ಕೊಂಡೆ. ಪೇಟೆ ಮಕ್ಕಳು, ಇಲ್ಲಾ ಮನೆಯಿಂದ ಯಾರಾದ್ರೂ ಬೈಕಲ್ಲೋ ಜೀಪಲ್ಲೋ ಬಂದು ಕರ್ಕೊಂಡು ಹೋಗೋ ಮಕ್ಕಳು. ಬಸ್ಸಿನೋರಿಗೆ "ನೀವು ಗುಂಪಲ್ಲಿ ನಿಲ್ಲೋ ಪಾರ್ಟ್ ಮಾಡಿ, ಕೊನೆ ಎರಡು ದಿನ ಬಂದ್ರೆ ಸಾಕು" ಅಂದೆ. ಆಗ ಅದು ನಂಗೆ ತಪ್ಪು ಅಂತ ಅನ್ನಿಸ್ಲೇ ಇಲ್ಲ.

ಮೊದಲನೇ ನಾಟಕ ಆಗಸ್ಟ್ 15ಕ್ಕೆ. ಹನ್ನೆರಡೇ ನಿಮಿಷದ್ದು, ಗುಡ್ಡೆಮನೆ ಅಪ್ಪಯ್ಯ ಗೌಡರ ಕತೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಗೊಂಡ್ರಲ್ಲ, ಮೂರು ವರ್ಷಕ್ಕೆ ಕೊಡಗು ಸುಳ್ಯ ಕಡೆಯ ರೈತರು ತಿರುಗಿ ಬಿದ್ರು, ಆ ದಂಗೆಯಲ್ಲಿ ಸಿಕ್ಕಿಬಿದ್ದ ಅಪ್ಪಯ್ಯ ಗೌಡರನ್ನ 1837 ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆ ಹತ್ರ ಮನೆಯವ್ರ ಕಣ್ಣೆದುರೇ ಗಲ್ಲಿಗೆ ಹಾಕಿದ್ರು. ಮಡಿಕೇರಿಯಲ್ಲಿ ಪ್ರತಿಮೆ ನೋಡಿರ್ತಾರೆ ಮಕ್ಕಳು, ಆದ್ರೆ ಯಾರ ಪ್ರತಿಮೆ ಅಂತ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರ್ಲಿಲ್ಲ. ಗಲ್ಲಿನ ಸೀನ್ ಹೇಗೆ ತೋರ್ಸೋದು ಅಂತ ಒಂದು ವಾರ ಚರ್ಚೆ ಆಯ್ತು, ಒಬ್ಬ ಹುಡುಗ ಹಗ್ಗ ತಂದೇಬಿಟ್ಟಿದ್ದ, ಅದನ್ನ ನಾನು ಅವತ್ತೇ ವಾಪಸ್ ಕಳಿಸ್ದೆ, ಮಕ್ಕಳ ಕೈಯಲ್ಲಿ ಹಗ್ಗದ ಆಟ ಬೇಡವೇ ಬೇಡ ಅಂತ ಎಲ್ಲಾ ಟೀಚರುಗಳಿಗೂ ಹೇಳ್ತೇನೆ. ಕೊನೆಗೆ ಹತ್ತನೇ ಕ್ಲಾಸಿನವಳೊಬ್ಬಳು ಹೇಳಿದ್ದು, ಅವರ ಮುಂಡಾಸು ಮಾತ್ರ ಖಾಲಿ ಬೆಂಚಿನ ಮೇಲೆ ತಂದಿಡೋಣ, ಹೆಂಡತಿ ಪಾರ್ಟ್ ಮಾಡೋಳು ಬಂದು ಅದನ್ನ ಎತ್ಕೊಂಡು ಹೋಗ್ಲಿ, ಮಾತು ಬೇಡ ಅಂತ. ಹಾಗೇ ಮಾಡಿದ್ವಿ.

ಮುಂಡಾಸಿನ ಬಟ್ಟೆಗೆ ಬಣ್ಣ ಎಲ್ಲಿಂದ ಬಂತು ಅನ್ನೋದನ್ನ ಹೇಳ್ಬೇಕು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕೊಡಗಲ್ಲಿ ಎಲ್ಲರ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ, ಆ ದಿನಕ್ಕೆ ಸೊಪ್ಪಲ್ಲಿ ಹದಿನೆಂಟು ಥರದ ಮದ್ದು ಸೇರಿರ್ತದೆ ಅಂತ ನಂಬಿಕೆ. ಸೊಪ್ಪು ಬೇಯಿಸಿದ್ರೆ ನೀರು ಕಡು ನೇರಳೆ ಆಗ್ತದೆ, ಕುಡಿದ ಮಾರನೇ ದಿನ ಮೂತ್ರ ಕೆಂಪಾಗೋದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಬ್ಬಳು ಮನೆಯಲ್ಲಿ ಉಳಿದ ಆ ನೀರಲ್ಲಿ ಹಳೇ ಬಿಳಿ ಪಂಚೆ ಒಂದು ರಾತ್ರಿ ನೆನೆಸಿಟ್ಟು ತಂದ್ಲು, ಅಷ್ಟು ಚಂದದ ತಿಳಿ ನೇರಳೆ ಯಾವ ಅಂಗಡಿಯಲ್ಲೂ ಸಿಗಲ್ಲ. ಆದ್ರೆ ಒಣಗ್ಬೇಕಲ್ಲ, ಕಕ್ಕಡದ ಮಳೆಯಲ್ಲಿ ಯೂನಿಫಾರ್ಮೇ ಒಣಗಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಹಾಕಿ ಒಣಗಿಸಿ ತಂದಿದ್ದು, ಇಡೀ ನಾಟಕದುದ್ದಕ್ಕೂ ಅಪ್ಪಯ್ಯ ಗೌಡರ ತಲೆಯಿಂದ ಹೊಗೆ ವಾಸನೆ ಬರ್ತಿತ್ತು. ನಂಗೆ ಆ ವಾಸನೆ ಬಹಳ ಇಷ್ಟ ಆಯ್ತು.

15ನೇ ತಾರೀಕು ಧ್ವಜ ಏರಿಸೋಕೆ ಐದು ನಿಮಿಷ ಮಳೆ ಬಿಡ್ತು ಅಷ್ಟೆ. ಕಾರ್ಯಕ್ರಮ ಹಾಲಿಗೆ ಶಿಫ್ಟ್ ಆಯ್ತು. ನಮ್ಮ ಹಾಲಿಗೆ ತಗಡಿನ ಶೀಟು, ಅದ್ರ ಮೇಲೆ ಮಳೆ ಬಿದ್ರೆ ಪಕ್ಕದೋರು ಮಾತಾಡಿದ್ದು ಕೇಳಲ್ಲ, ಎರಡು ತಿಂಗಳು ಹೊಟ್ಟೆಯಿಂದ ಉಸಿರು ಎಳೆದು ಮಾತಾಡಿ ಅಂತ ನಾನು ಮಾಡಿಸಿದ ಅಭ್ಯಾಸ ಎಲ್ಲ ನೀರು ಪಾಲು. ಮಾತು ಒಂದೂ ಕೇಳ್ಲಿಲ್ಲ. ಆದ್ರೆ ಆ ಮುಂಡಾಸಿನ ಸೀನಿಗೆ ಮಾತೇ ಇರ್ಲಿಲ್ಲ ನೋಡಿ, ಅದೊಂದು ಎಲ್ರಿಗೂ ತಲುಪ್ತು, ಊರಿನ ಹಿರಿಯರೊಬ್ರು ಎದ್ದು ನಿಂತ್ಕೊಂಡ್ರು, ಅವ್ರ ಹಿಂದೆ ಉಳಿದೋರೂ ನಿಂತ್ರು.

ನಾಟಕ ಮುಗಿದು ಲಾಡು ಹಂಚುವಾಗ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಂದು ಪಕ್ಕ ನಿಂತ್ಲು. ಗುಂಪಲ್ಲಿ ನಿಲ್ಲೋ ಪಾರ್ಟಿನೋಳು, ಕ್ಲಾಸಲ್ಲಿ ಪದ್ಯ ಓದಿದ್ರೆ ಎಲ್ರೂ ಸುಮ್ನೆ ಕೂತು ಕೇಳೋ ಅಂಥ ಗಂಟಲು ಅವಳದ್ದು. "ಮಿಸ್, ಆ ಹೆಂಡತಿ ಪಾರ್ಟ್ ನಂಗೂ ಬರ್ತದೆ, ಮನೇಲಿ ಮಾಡಿ ನೋಡಿದೆ" ಅಂದ್ಲು. ಹೌದಾ ಮಗ, ಮತ್ತೆ ಮೊದಲೇ ಹೇಳ್ಬಾರ್ದಿತ್ತಾ ಅಂದೆ. "ನಂಗೆ ಬಸ್ಸಲ್ವಾ ಮಿಸ್" ಅಂದ್ಲು. ಬೇಜಾರಿನ ದನಿ ಏನೂ ಇರ್ಲಿಲ್ಲ, ಮಳೆ ಬರ್ತದೆ ಅನ್ನೋ ಹಾಗೆ ಹೇಳಿ ಲಾಡು ತಗೊಂಡು ಹೋದ್ಲು. ಅವಳ ಮಟ್ಟಿಗೆ ಅದು ಮುಗಿದ ವಿಷಯ, ಬಸ್ ಇರೋರಿಗೆ ಪಾರ್ಟ್ ಇಲ್ಲ, ಅಷ್ಟೆ. ಆ ನಿಯಮ ಮಾಡಿದ್ದು ಬಸ್ಸಿನವ್ರಲ್ಲ, ನಾನು. ಅವತ್ತು ಮನೆಗೆ ಹೋಗಿ ಊಟ ಸೇರ್ಲಿಲ್ಲ.

ಮಾರನೇ ಸೋಮವಾರ ಒಂದು ಉದ್ದ ಡ್ರಾಯಿಂಗ್ ಶೀಟ್ ತಗೊಂಡು 31 ಮಕ್ಕಳದ್ದೂ ಬರ್ದೆ, ಯಾರು ಯಾವ ಬಸ್ಸು, ಎಲ್ಲಿ ಇಳೀತಾರೆ, ಇಳಿದ ಮೇಲೆ ಎಷ್ಟು ದೂರ ನಡೀತಾರೆ, ಜೊತೆಗೆ ಯಾರು ಇರ್ತಾರೆ. ಬರೀತಾ ಬರೀತಾ ಕಂಡಿದ್ದು, ಬಸ್ಸಲ್ಲಿ ಹೋಗೋ 19 ಜನ ನಾಲ್ಕೇ ಗುಂಪು. ಒಂದೇ ತೋಟದ ಐದು ಜನ ಒಟ್ಟಿಗೆ ಇಳೀತಾರೆ, ಹಾಡಿ ಕಡೆಯ ನಾಲ್ವರು ಒಟ್ಟಿಗೆ ನಡೀತಾರೆ, ಹಾಗೆ. ಅಂದ್ರೆ ದಿನಾ ಬೆಳಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ ಇವರೆಲ್ಲ ಆಗ್ಲೇ ಒಟ್ಟಿಗೆ ಇರ್ತಾರೆ! ನಾನು ಇಲ್ಲದ ಸಮಯ ಹುಡುಕ್ತಾ ಕೂತಿದ್ದೆ, ಸಮಯ ಬಸ್ಸೊಳಗೇ ಇತ್ತು. ಆವತ್ತಿಂದ ಒಂದು ತೀರ್ಮಾನ: ಒಂದು ಸೀನ್ ಒಂದು ಗುಂಪಿಗೆ, ಬೇರೆ ಬೇರೆ ಬಸ್ಸಿನೋರನ್ನ ಒಂದು ಸೀನಲ್ಲಿ ಸೇರ್ಸೋದಿಲ್ಲ. ಗುಂಪಿನವ್ರು ಬಸ್ಸಲ್ಲಿ ಮಾತು ಹೇಳಿ ಹೇಳಿ ಬಾಯಿಪಾಠ ಮಾಡ್ಕೊಳ್ಳೋದು, ನಾನು ದಿನಕ್ಕೊಂದು ಗುಂಪನ್ನ ಮಧ್ಯಾಹ್ನ ಬಿಸಿಯೂಟ ಆದ ಮೇಲೆ 25 ನಿಮಿಷ ನೋಡೋದು, ಶನಿವಾರ ಬೆಳಗ್ಗೆ ಕ್ಲಾಸ್ ಬಿಟ್ಟ ಮೇಲೆ ಬಸ್ಸಿಗೆ ಒಂದು ಗಂಟೆ ಟೈಮ್ ಇರ್ತದೆ, ಆಗ ಎಲ್ಲ ಸೇರೋದು.

ಮೊದ್ಲು ಒಂದು ವಾರ ಮಕ್ಕಳಿಗೆ ಬಸ್ಸಲ್ಲಿ ಮಾತಾಡೋಕೆ ನಾಚಿಕೆ. ಆಮೇಲೆ ಕಂಡಕ್ಟರ್ ಅಣ್ಣನೇ "ಎಂತ, ಇವತ್ತು ನಾಟಕ ಇಲ್ವಾ" ಅಂತ ಕೇಳೋಕೆ ಶುರು ಮಾಡಿದ್ರಂತೆ. ಅಕ್ಟೋಬರ್ ಹೊತ್ತಿಗೆ ಹೇಗಾಗಿತ್ತು ಅಂದ್ರೆ ಯಾರಾದ್ರೂ ಮಾತು ಮರೆತ್ರೆ ಟಿಕೆಟ್ ಹರೀತಾ ಅವ್ರೇ ಮುಂದಿನ ಸಾಲು ಎತ್ತಿ ಕೊಡ್ತಿದ್ರು.

ಎರಡನೇದು ವಿಜ್ಞಾನ ನಾಟಕ ಸ್ಪರ್ಧೆ. ಅರ್ಧ ಗಂಟೆ ಮೀರಬಾರ್ದು, ಎಂಟೇ ಮಕ್ಕಳು ಇರ್ಬೇಕು. ನಾವು ಐದು ಜನರ ಒಂದು ಬಸ್ ಗುಂಪು, ಮೂರು ಜನರ ಇನ್ನೊಂದು ಗುಂಪು ತಗೊಂಡ್ವಿ. ವಿಷಯ ಏನು ಅಂತ ಕೇಳಿದ್ರೆ ಎಂಟೂ ಜನ ಒಂದೇ ಬಾಯಲ್ಲಿ ಆನೆ ಅಂದ್ರು. ಆನೆ ಯಾಕೆ ತೋಟಕ್ಕೆ ಬರ್ತದೆ, ಅದು ವಿಷಯ. ವಿಜ್ಞಾನದ ಸರ್ ಬಹಳ ಸಹಾಯ ಮಾಡಿದ್ರು. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, ನೂರು ಲೀಟರಿನ ಮೇಲೆ ನೀರು ಬೇಕು, ತೋಟದಲ್ಲಿ ಹಲಸಿನ ಹಣ್ಣು ಉಂಟು, ಕೆರೆ ಉಂಟು, ನೆರಳುಂಟು, ಗದ್ದೆಯಲ್ಲಿ ಭತ್ತ ಹಾಲು ಕಟ್ಟುವಾಗ ಅದೂ ಉಂಟು, ಬರದೆ ಏನ್ ಮಾಡ್ತದೆ. ಆನೆಗಳು ನಮ್ಮ ಕಿವಿಗೆ ಕೇಳದಷ್ಟು ಕೆಳಗಿನ ದನಿಯಲ್ಲಿ, 20 ಹರ್ಟ್ಸಿಗಿಂತ ಕಡಿಮೆ, ಕಿಲೋಮೀಟರುಗಟ್ಟಲೆ ದೂರದ ಇನ್ನೊಂದು ಆನೆ ಜೊತೆ ಮಾತಾಡ್ತವೆ, ನೆಲದ ಕಂಪನ ಕಾಲಲ್ಲಿ ತಿಳ್ಕೊಳ್ತವೆ ಅಂತ ಸರ್ ಹೇಳಿದಾಗ ಹಾಡಿಯ ಹುಡುಗ ಒಬ್ಬ, "ಅದು ನಮ್ಮ ಅಜ್ಜನಿಗೆ ಗೊತ್ತು ಸರ್, ಆನೆ ಸುಮ್ನೆ ನಿಂತು ಒಂದು ಕಾಲು ಎತ್ತಿದ್ರೆ ಅದು ಕೇಳ್ತಾ ಉಂಟು ಅಂತ ಅಜ್ಜ ಹೇಳ್ತದೆ" ಅಂದ. ಆ ಮಾತನ್ನ ಹಾಗೇ ನಾಟಕದಲ್ಲಿ ಇಟ್ವಿ.

ಈಗ ಆನೆಯನ್ನ ಸ್ಟೇಜಿಗೆ ತರೋದು ಹೇಗೆ? ನಮ್ಮ ಮಕ್ಕಳು ಮಡಿಕೇರಿ ದಸರಾ ನೋಡಿ ಬೆಳೆದೋರು, ಹತ್ತು ದೇವಸ್ಥಾನದ ದಶಮಂಟಪ, ಟ್ರ್ಯಾಕ್ಟರ್ ಮೇಲೆ ಆಳೆತ್ತರದ ರಾಕ್ಷಸರು ಕೈ ಕಾಲು ಆಡಿಸ್ತಾ, ಹೊಗೆ, ಲೈಟು, ಎದೆ ನಡುಗಿಸೋ ಸೌಂಡು, ರಾತ್ರಿಯಿಡೀ. ಇವ್ರಿಗೂ ಹಾಗೇ ದೊಡ್ಡ ಆನೆ ಬೇಕು. ಬಿದಿರಿನ ಚೌಕಟ್ಟು ಕಟ್ಟಿದ್ರು, ಕಾಫಿ ತುಂಬೋ ಗೋಣಿ ಚೀಲ ಬಿಚ್ಚಿ ಹೊಲಿದು ಹೊದಿಸಿದ್ರು, ಸೊಂಡಿಲಿಗೆ ಹಳೇ ಸ್ವೆಟರ್ ತೋಳು, ಕಿವಿಗೆ ಕೆಸುವಿನೆಲೆ ಆಕಾರದ ರಟ್ಟು. ನಾಲ್ಕು ಜನ ಒಳಗೆ. ಬಹಳ ಚಂದ ಇತ್ತು ನಿಜ. ಆದ್ರೆ ಅದು ಬಂದ ಕೂಡ್ಲೆ ನೋಡೋ ಮಕ್ಕಳು ನಗೋಕೆ ಶುರು. ಆನೆ ಬಂದ್ರೆ ನಮ್ಮ ಊರಲ್ಲಿ ಯಾರೂ ನಗಲ್ಲ. ಗೋಣಿ ಒದ್ದೆಯಾಗಿ ಬೂಷ್ಟು ಬೇರೆ ಬಂತು, ಒಳಗಿನ ನಾಲ್ವರಿಗೂ ಸೀನು ಸೀನು.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಇದ್ದ, ಅಪ್ಪ ಅಮ್ಮ ಅಸ್ಸಾಮಿಂದ ಬಂದು ತೋಟದಲ್ಲಿ ಕೆಲಸಕ್ಕಿರೋದು, ಕನ್ನಡ ಓದೋಕೆ ಶುರು ಮಾಡಿ ಎರಡು ವರ್ಷ. ಮಾತು ಕಡಿಮೆ. ಅವನು ಒಂದು ಶನಿವಾರ ಏನೂ ಹೇಳದೆ ಹಾಲಿನ ಹಿಂದೆ ಹೋಗಿ ಒಂದು ಒಣ ಕೊಂಬೆ ಮುರಿದ. ಟಕ್ ಅಂತ ಒಂದೇ ಸದ್ದು. ನಾವೆಲ್ಲ ತಟ್ಟನೆ ತಿರುಗಿ ನೋಡಿದ್ವಿ, ಕೆಲವ್ರು ಎದ್ದೇ ನಿಂತ್ರು. ತೋಟದಲ್ಲಿ ಇರೋರಿಗೆ ಇದು ಗೊತ್ತು, ಆನೆ ಮೊದ್ಲು ಕಣ್ಣಿಗೆ ಬೀಳಲ್ಲ, ಎಲ್ಲೋ ಕೊಂಬೆ ಮುರಿಯೋ ಸದ್ದು, ಆಮೇಲೆ ಆ ವಾಸನೆ, ನೋಡೋ ಹೊತ್ತಿಗೆ ಅದು ಪಕ್ಕದಲ್ಲೇ ಇರ್ತದೆ. ಅವತ್ತೇ ಗೋಣಿ ಆನೆಯನ್ನ ಬಿಚ್ಚಿ ಹಾಕಿದ್ವಿ. ನಾಟಕದಲ್ಲಿ ಆನೆ ಇರಲ್ಲ, ಸದ್ದು ಮಾತ್ರ.

ಸದ್ದಿನ ಕೆಲಸ ನಾನು ಅಂದ್ಕೊಂಡಷ್ಟು ಸುಲಭ ಇರ್ಲಿಲ್ಲ. ಒಂದು ಕೊಂಬೆ ಒಂದೇ ಸಲ ಮುರೀತದೆ. ಒಂದು ಶೋಗೆ 14 ಸದ್ದು ಬೇಕು, ಪ್ರಾಕ್ಟೀಸಿಗೆ ಅದರ ಹತ್ತು ಪಟ್ಟು. ಒದ್ದೆ ಕೊಂಬೆ ಮುರಿದ್ರೆ ಸದ್ದೇ ಬರಲ್ಲ, ಬಗ್ತದೆ ಅಷ್ಟೆ, ಸೆಪ್ಟೆಂಬರಲ್ಲಿ ಒಣ ಕೊಂಬೆ ಎಲ್ಲಿಂದ ತರೋದು. ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆ ಹಬ್ಬದ ರಜೆಯಲ್ಲಿ ಮಕ್ಕಳು ಮನೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಕಟ್ಟು ಕಟ್ಟು ಇಟ್ಟು ಒಣಗಿಸಿದ್ರು. ಕಾಫಿ ಗಿಡದ ಕಡ್ಡಿ ಸಣ್ಣ ಸದ್ದಿಗೆ, ಅದು ದೂರದ ಆನೆ. ಹೆಬ್ಬೆರಳು ದಪ್ಪದ ಸಿಲ್ವರ್ ಓಕ್ ಕೊಂಬೆ ಹತ್ತಿರದ್ದಕ್ಕೆ. ಸೀಳು ಬಿದಿರು ಕಾಲಲ್ಲಿ ತುಳಿದು ಮುರಿದ್ರೆ ಆನೆ ಬೇಲಿ ದಾಟಿತು ಅಂತ. ಈ ಹುಡುಗ ಯಾವ ಕಡ್ಡಿ ಎಷ್ಟು ನಿಧಾನಕ್ಕೆ ಬಗ್ಗಿಸಿದ್ರೆ ಎಂಥ ಸದ್ದು ಅಂತ ಕಲ್ತು, ಕೊನೆಗೆ ನಾಟಕ ನಡೆಸ್ತಿದ್ದಿದ್ದೇ ಅವನು, ಅವನ ಸದ್ದು ಕೇಳಿ ಉಳಿದೋರು ಉಸಿರು ಹಿಡೀತಿದ್ರು.

ಸ್ಪರ್ಧೆಯಲ್ಲಿ ನಮಗೆ ಮೂರನೇ ಸ್ಥಾನ, ಮುಂದಿನ ಹಂತಕ್ಕೆ ಹೋಗ್ಲಿಲ್ಲ. ಒಬ್ಬ ಜಡ್ಜ್ ಬಂದು ಆ ಹುಡುಗನ ಬೆನ್ನು ತಟ್ಟಿ ಹೋದ್ರು. ಇನ್ನೊಬ್ರು ಹೇಳಿದ್ದು, ಮಕ್ಕಳ ಭಾಷೆ ಶುದ್ಧ ಇಲ್ಲ, ಕನ್ನಡ ಟೀಚರಾಗಿ ನೀವು ತಿದ್ದಬೇಕಿತ್ತು ಅಂತ. ಅಜ್ಜ ಹೇಳ್ತದೆ, ಅಮ್ಮ ಬರ್ತದೆ ಅಂತ ನಮ್ಮ ಮಕ್ಕಳು ಮಾತಾಡ್ತಾರೆ, ಅದೇ ಅವ್ರಿಗೆ ತಪ್ಪಾಗಿ ಕೇಳಿದ್ದು. ಪರೀಕ್ಷೆಯಲ್ಲಿ ಹೇಗೆ ಬರೀಬೇಕು ಅಂತ ನಾನು ಕಲಿಸ್ತೇನೆ, ಮಕ್ಕಳು ಬರೀತಾರೆ. ಆದ್ರೆ ಆನೆ ಬಂದಾಗ ಒಬ್ಬ ಹುಡುಗ ತನ್ನ ಅಜ್ಜನ ಬಗ್ಗೆ ಹೇಳೋ ಮಾತನ್ನ ನಾನು ತಿದ್ದಲ್ಲ. ಅವತ್ತು ಅವ್ರ ಎದುರು ಬಾಯಿ ಬರ್ಲಿಲ್ಲ, ಇಲ್ಲಿ ಹೇಳ್ತಿದ್ದೇನೆ.

ಜೀಪಲ್ಲಿ ವಾಪಸ್ ಬರುವಾಗ ಮಕ್ಕಳೇ ಕೇಳಿದ್ರು, ಹಾಗಾದ್ರೆ ಮಿಸ್, ಸ್ಕೂಲ್ ಡೇಗೆ ಎಲ್ರೂ ಅವರವರ ಮನೆ ಮಾತಲ್ಲೇ ಮಾಡೋಣ್ವಾ ಅಂತ. ನಮ್ಮ ಹಾಜರಿ ಪುಸ್ತಕದಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಮಲಯಾಳ, ತುಳು, ತಮಿಳು, ಎರವರ ಮಾತು, ಜೇನುಕುರುಬರ ಮಾತು, ಈಗ ಅಸ್ಸಾಮಿ ಬಂಗಾಳಿ ಕೂಡ. ಮೊದ್ಲಿಗೆ ನಂಗೂ ಗಾಬರಿ, ಯಾರಿಗೆ ಏನು ಅರ್ಥ ಆಗ್ತದೆ. ಸ್ಟಾಫ್ ರೂಮಲ್ಲೂ ಒಂದಿಬ್ರು ಬೇಡ ಅಂದ್ರು. ಆಗ ನಮ್ಮ ಹಿರಿಯ ಸರ್ ಒಬ್ರು, ಕೊಡವರೇ, "1868ರಲ್ಲಿ ಹುಟ್ಟಿದ ಹರದಾಸ ಅಪ್ಪಚ್ಚ ಕವಿ ಆ ಕಾಲಕ್ಕೇ ಕೊಡವ ತಕ್ಕಲ್ಲಿ ನಾಟಕ ಬರೆದು ಆಡಿಸಿದ್ರು, ಬರೆದಿದ್ದು ಕನ್ನಡ ಅಕ್ಷರದಲ್ಲೇ, ಅದ್ರಿಂದ ಕನ್ನಡಕ್ಕೆ ಎಂತ ಕಮ್ಮಿ ಆಯ್ತು" ಅಂತ ಕೇಳಿದ್ರು, ಅಲ್ಲಿಗೆ ಆ ಚರ್ಚೆ ಮುಗೀತು.

ನಾಟಕದ ಹೆಸರು ಲಾಸ್ಟ್ ಬಸ್. ಕತೆ ಇಷ್ಟೇ, ಸಂಜೆ ಒಂದು ಬಸ್ ಸ್ಟಾಪು, ನಾಲ್ಕು ಗುಂಪು ಜನ ಕಾಯ್ತಿದ್ದಾರೆ, ಬಸ್ ಬರಲ್ಲ, ಯಾಕಂದ್ರೆ ಮುಂದಿನ ತಿರುವಲ್ಲಿ ಆನೆ ನಿಂತಿದೆ. ಕತ್ತಲಾಗ್ತಾ ಬರ್ತದೆ. ಅಷ್ಟರೊಳಗೆ ಅಪರಿಚಿತರು ಒಬ್ರಿಗೊಬ್ರು ಏನು ಹೇಳ್ಕೊಳ್ತಾರೆ, ಯಾರು ಯಾರ ಮೇಲೆ ಕೋಪ ಮಾಡ್ಕೊಳ್ತಾರೆ, ಯಾರ ಹತ್ರ ಟಾರ್ಚ್ ಇದೆ, ಯಾರ ಬುತ್ತಿಯಲ್ಲಿ ಅಕ್ಕಿ ರೊಟ್ಟಿ ಉಳಿದಿದೆ. ಬಸ್ ಸ್ಟಾಪಿನ ನಾಲ್ಕು ಗುಂಪು ಅಂದ್ರೆ ನಮ್ಮ ನಾಲ್ಕು ಬಸ್ ಗುಂಪುಗಳೇ, ಪೇಟೆಯ 12 ಜನ ಬಸ್ಸಿನೊಳಗಿನೋರು, ಕೊನೆಗೆ ಬರೋದು. ಒಂದು ಗುಂಪು ಮಾತಾಡುವಾಗ ಉಳಿದ ಮೂರು ಗುಂಪು ಸುಮ್ನೆ ಕಾಯೋದು, ಹಾಗಾಗಿ ಬೇರೆ ಬೇರೆ ಪ್ರಾಕ್ಟೀಸ್ ಮಾಡಿ ಕೊನೆಗೆ ಹೊಂದಿಸಿದ್ರೆ ಆಯ್ತು. ಇಡೀ 50 ನಿಮಿಷದ ನಾಟಕಕ್ಕೆ ಎಲ್ರೂ ಪೂರ್ತಿ ಒಟ್ಟಿಗೆ ಸೇರಿ ಮಾಡಿದ್ದು ಮೂರೇ ಸಲ.

ಭಾಷೆ ಅರ್ಥ ಆಗ್ತದಾ ಅನ್ನೋ ಭಯ ಮೊದಲನೇ ಸಲ ಎಲ್ಲ ಸೇರಿದ ದಿನವೇ ಹೋಯ್ತು. ಆನೆ ಬಂತು ಅಂತ ಒಂದೊಂದು ಗುಂಪು ಅವರವರ ಮಾತಲ್ಲಿ ಕೂಗ್ಬೇಕು. ಕೊಡವದಲ್ಲಿ ಆನೆ, ತುಳುವಲ್ಲಿ ಆನೆ, ಮಲಯಾಳದಲ್ಲಿ ಆನ, ತಮಿಳಲ್ಲಿ ಯಾನೈ. ಕತ್ತಲಲ್ಲಿ ಒಂದು ಕಡೆಯಿಂದ ಆನ, ಇನ್ನೊಂದು ಕಡೆಯಿಂದ ಆನೆ, ಯಾನೈ ಅಂತ ಒಂದರ ಮೇಲೊಂದು ಬೀಳ್ತಿದ್ರೆ ಮೈ ಜುಮ್ ಅಂತು. ಕೊನೆಗೆ ಅಸ್ಸಾಮಿನ ಹುಡುಗ ಹಾತಿ ಅಂತಾನೆ, ಅದೊಂದೇ ಬೇರೆ ಪದ, ಅದೂ ನಮ್ಮ ತೋಟದೋರಿಗೆಲ್ಲ ಈಗ ಗೊತ್ತು.

ನವೆಂಬರ್ ಕೊನೆಯಿಂದ ಕಷ್ಟ ಶುರು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂತು, ಅದು ಸಂತೋಷವೇ, ರಜೆ ಮುಗಿದು ಬಂದೋರ ಕಾಲಲ್ಲಿ ಇನ್ನೂ ಕೋಲಾಟದ ಹೆಜ್ಜೆ ಇತ್ತು. ಆದ್ರೆ ಹಿಂದೆಯೇ ಕಾಫಿ ಕೊಯ್ಲು. ಶನಿವಾರ ಅರ್ಧ ಮಕ್ಕಳು ಇರಲ್ಲ, ಅಮ್ಮನ ಜೊತೆ ಹೋಗಿ ಹಣ್ಣು ಕೊಯ್ದ್ರೆ ಮನೆಗೆ ನಾಲ್ಕು ಕಾಸು ಹೆಚ್ಚು, ಇಲ್ಲಾ ಚಿಕ್ಕ ತಮ್ಮನನ್ನ ನೋಡ್ಕೋಬೇಕು. ಬಯ್ಯೋಕೆ ನಂಗೆ ಮನಸ್ಸಾಗಲ್ಲ, ಹಾಗಂತ ಸುಮ್ನೆ ಬಿಡೋಕೂ ಆಗಲ್ಲ, ಮನೆಗಳಿಗೆ ಹೋಗಿ ಹೋಗಿ ಮಾತಾಡಿ ಬಂದೆ.

ಡಿಸೆಂಬರ್ ಮೂರನೇ ವಾರ ಅಸ್ಸಾಮಿನ ಹುಡುಗ ಎರಡು ದಿನ ಬರ್ಲಿಲ್ಲ. ಮೂರನೇ ದಿನ ಲೈನ್ ಮನೆಗೆ ಹೋದೆ, ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಕ್ಕ ಹೇಳಿದ್ರು, ಬೇರೆ ಕಡೆ ತೋಟದಲ್ಲಿ ಕೂಲಿ ಜಾಸ್ತಿ ಅಂತ ಮೇಸ್ತ್ರಿ ಕರ್ಕೊಂಡು ಹೋದ್ರು, ಎಲ್ಲಿಗೆ ಅಂತ ಸರಿಯಾಗಿ ಗೊತ್ತಿಲ್ಲ ಅಂತ. ಅಪ್ಪನ ಫೋನಿಗೆ ಮಾಡಿದ್ರೆ ಸ್ವಿಚ್ ಆಫ್. ಅವರು ಹೀಗೆ ಹೋಗೋದು ಹೊಸತಲ್ಲ, ಪ್ರತಿ ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಹೀಗೆ ಎರಡು ಮೂರು ಹೆಸರಿನ ಮುಂದೆ ಗೆರೆ ಬೀಳ್ತದೆ, ಟಿಸಿ ಕೂಡ ತಗೊಳ್ಳದೆ ಹೋಗಿರ್ತಾರೆ, ಆ ಮಗು ಮತ್ತೆ ಶಾಲೆಗೆ ಸೇರಿತಾ ಇಲ್ವಾ ಅಂತ ತಿಳಿಯೋದೇ ಇಲ್ಲ. ಇದ್ರ ಬಗ್ಗೆ ನಂಗೆ ಬಹಳ ಸಂಕಟ ಇದೆ.

ಅವನ ಗುಂಪಿನೋರು ಹಾಲಿನ ಹಿಂದೆ ಇದ್ದ ಕಡ್ಡಿ ಪೆಟ್ಟಿಗೆ ತೆಗೆದು ನೋಡಿದ್ರೆ, ಮೂರು ಕಟ್ಟು ಬಾಳೆನಾರಲ್ಲಿ ಕಟ್ಟಿ ಇಟ್ಟಿದ್ದಾನೆ, ಒಂದೊಂದರ ಮೇಲೆ ನೋಟ್ ಪುಸ್ತಕದ ಚೀಟಿ, ಕನ್ನಡದಲ್ಲಿ. ದೂರ. ಹತಿರ. ಬೇಲಿ. ಹತ್ತಿರ ಅನ್ನೋದಕ್ಕೆ ಒತ್ತು ಬಿಟ್ಟಿದ್ದ. ಆ ಚೀಟಿ ನಾನು ತಿದ್ದಲಿಲ್ಲ. ಸದ್ದಿನ ಕೆಲಸ ಯಾರು ಮಾಡ್ತೀರಿ ಅಂತ ಕೇಳಿದೆ, ಆಗಸ್ಟಲ್ಲಿ ಲಾಡು ತಗೊಂಡು ಹೋದ ಆ ಹುಡುಗಿ ಕೈ ಎತ್ತಿದ್ಲು, ಅವಳದ್ದು ಆಗ್ಲೇ ದೊಡ್ಡ ಪಾರ್ಟ್, ಬಸ್ ಸ್ಟಾಪಲ್ಲಿ ಎಲ್ಲರನ್ನೂ ಸುಮ್ಮನಿರಿಸೋ ಅಜ್ಜಿ. "ಎರಡೂ ಮಾಡ್ತೇನೆ ಮಿಸ್, ನಂದು ಅವಂದು ಒಂದೇ ಬಸ್ಸು, ಅವನು ಹೇಗೆ ಮುರೀತಿದ್ದ ಅಂತ ನಂಗೆ ಗೊತ್ತು" ಅಂದ್ಲು. ಅಜ್ಜಿಯ ಪಾರ್ಟನ್ನೇ ಸ್ವಲ್ಪ ಬದಲಾಯಿಸಿದ್ವಿ, ಅಜ್ಜಿ ಸೌದೆ ಹೊರೆ ಪಕ್ಕದಲ್ಲಿಟ್ಕೊಂಡು ಜನಕ್ಕೆ ಬೆನ್ನು ಹಾಕಿ ಕೂತಿರೋದು, ಸದ್ದು ಆ ಹೊರೆಯೊಳಗಿಂದಲೇ ಬರೋದು.

ಜನವರಿಯಲ್ಲಿ ಸ್ಕೂಲ್ ಡೇ ಚೆನ್ನಾಗಿ ಆಯ್ತು, ಹೆಚ್ಚು ಹೇಳಲ್ಲ. ಮಳೆ ಇಲ್ಲ, ಬಯಲಲ್ಲೇ ಆಡಿದ್ವಿ, ಬಸ್ಸಿನ ಹೆಡ್‌ಲೈಟಿಗೆ ಹಾಲಿನ ಪುಡಿ ಡಬ್ಬದಲ್ಲಿ ಎರಡು ಟಾರ್ಚ್ ಕೂರಿಸಿದ್ವಿ, ಮಧ್ಯದಲ್ಲಿ ಕರೆಂಟ್ ಹೋಯ್ತು, ಜನ ಅದೂ ನಾಟಕದ್ದೇ ಅಂದ್ಕೊಂಡ್ರು. ಆದ್ರೆ ಗೇಟಿನ ಹತ್ರ ನಿಂತು ನೋಡಿದ್ರೆ ಕೂತಿದ್ದೋರೆಲ್ಲ ಪೇಟೆ ಜನ, ಬೈಕು ಕಾರು ಇರೋರು. ಸಂಜೆ ಏಳಕ್ಕೆ ಮುಗಿಯೋ ಕಾರ್ಯಕ್ರಮಕ್ಕೆ ಲೈನ್ ಮನೆಯ ಅಪ್ಪ ಅಮ್ಮ ಹೇಗೆ ಬರೋದು, ವಾಪಸ್ ಹೇಗೆ ಹೋಗೋದು. ಬಸ್ ಗುಂಪಿನ ಮಕ್ಕಳನ್ನೇ ನಾವು ಎರಡು ಜೀಪ್ ಮಾಡಿ ಮನೆಗೆ ಬಿಟ್ಟು ಬಂದಿದ್ದು.

ಬಿ.ಎಡ್ ಮಾಡುವಾಗ ಒಂದು ಸಲ ಹೆಗ್ಗೋಡಿಗೆ ಹೋಗಿದ್ದೆ, ಅಲ್ಲಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ ತಂಡದವ್ರು 1985ರಿಂದ ವರ್ಷಾ ವರ್ಷಾ ಸಾಮಾನೆಲ್ಲ ವ್ಯಾನಿಗೆ ತುಂಬ್ಕೊಂಡು ಊರೂರಿಗೆ ನಾಟಕ ತಗೊಂಡು ಹೋಗೋದನ್ನ ಆಗ ತಿಳ್ಕೊಂಡಿದ್ದೆ. ಆ ರಾತ್ರಿ ಅದೇ ತಲೆಯಲ್ಲಿ ಓಡ್ತಿತ್ತು. ನಮ್ಮ ಸಾಮಾನು ಅಂದ್ರೆ ಎರಡು ಬೆಂಚು, ಎರಡು ಡಬ್ಬ, ಮೂರು ಕಟ್ಟು ಕಡ್ಡಿ. ತೋಟದ ಸಾಹುಕಾರರ ಹತ್ರ ಹೋಗಿ ಕೇಳಿದೆ, ಅವರು ಕಾಫಿ ಒಣಗಿಸೋ ಕಣದ ಒಂದು ಮೂಲೆ ಬಿಟ್ಟು ಕೊಟ್ರು. ಭಾನುವಾರ ಸಂತೆ ದಿನ, ಜನ ಸಂತೆಯಿಂದ ಎರಡು ಗಂಟೆಗೆ ವಾಪಸ್ ಬರ್ತಾರೆ, ಮೂರಕ್ಕೆ ಶುರು, ನಾಲ್ಕರೊಳಗೆ ಮುಗಿಸ್ಬೇಕು ಅಂತ ಮಾತು.

ಆವತ್ತು ಪೇಟೆ ಮಕ್ಕಳು 12 ಜನ ಬಸ್ ಹತ್ತಿ ಬಂದ್ರು, ಕೆಲವ್ರಿಗೆ ಆ ಬಸ್ಸು ಮೊದಲನೇ ಸಲ. ಇಳಿದು ಎರಡು ಕಿಲೋಮೀಟರ್ ನಡೆದು ಬರೋ ಹೊತ್ತಿಗೆ ಅವ್ರ ಮುಖ ನೋಡ್ಬೇಕಿತ್ತು, ಒಬ್ಬ ಕೇಳಿದ, "ಇದನ್ನ ದಿನಾ ನಡೀತೀರಾ?" ಯಾರೂ ಉತ್ತರ ಕೊಡ್ಲಿಲ್ಲ, ಮುಂದೆ ನಡೀತಿದ್ರು. ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿಯ ಹುಳಿ ವಾಸನೆ, ಜನ ಕಾಫಿ ಚೀಲಗಳ ಮೇಲೆ ಕೂತ್ರು, ಮಕ್ಕಳು ಗೋಡೆ ಮೇಲೆ, ಅರುವತ್ತು ಎಪ್ಪತ್ತು ಜನ. ಹಗಲು ಹೊತ್ತು, ಲೈಟು ಏನೂ ಇಲ್ಲ, ಕತ್ತಲೆ ಅಂತ ನಾವು ಅಂದ್ಕೊಳ್ಬೇಕು ಅಷ್ಟೆ. ನಂಗೆ ಚಿಂತೆ ಆಗಿತ್ತು. ಅಜ್ಜಿಯ ಹೊರೆಯಿಂದ ಮೊದಲನೇ ಕಡ್ಡಿ ಟಕ್ ಅಂದಾಗ ಇಡೀ ಕಣ ಒಟ್ಟಿಗೆ ಎಡಕ್ಕೆ ತಿರುಗಿ ತೋಟದ ಕಡೆ ನೋಡ್ತು. ಶಾಲೆಯ ಬಯಲಲ್ಲಿ ಹಾಗೆ ಆಗಿರ್ಲಿಲ್ಲ. ಒಬ್ಬ ತಾಯಿ ಮಡಿಲಿನ ಮಗುವಿನ ಬಾಯಿಗೆ ಕೈ ಇಟ್ರು. ಆನೆ, ಆನ, ಯಾನೈ ಅಂತ ಕೂಗು ಬಂದಾಗ ಜನರ ಮಧ್ಯದಿಂದಲೇ ಯಾರೋ ಹೆಂಗಸು ಹಾತಿ ಅಂತ ಅಂದ್ರು, ಆ ಪದ ನಾವು ನಾಟಕದಿಂದ ತೆಗೆದಿದ್ವಿ, ಹೇಳೋನು ಇಲ್ವಲ್ಲ ಅಂತ.

3:52ಕ್ಕೆ ಮುಗೀತು. ಒಂದು ಮನೆಯವ್ರು ಎಲ್ರಿಗೂ ಬೆಲ್ಲದ ಕಪ್ಪು ಕಾಫಿ ಕೊಟ್ರು, ಕುಡಿದು ಪೇಟೆ ಮಕ್ಕಳು ಬಸ್ಸಿಗೆ ಓಡಿದ್ರು, ಬ್ಯಾಗ್ ಎತ್ಕೊಂಡು, "ಮಿಸ್ ಬಸ್, ಮಿಸ್ ಬಸ್" ಅಂತ. ಬಸ್ ಗುಂಪಿನೋರು ಆವತ್ತು ಕಣದ ಗೋಡೆ ಮೇಲೆ ಕಾಲು ಇಳಿಬಿಟ್ಟು ಕೂತು ಕೈ ಬೀಸ್ತಿದ್ರು.

ಈ ಜೂನಲ್ಲಿ ಮತ್ತೆ ಹೆಸರು ಬರ್ಕೊಂಡೆ, 38 ಆಗಿದೆ. ರಿಜಿಸ್ಟರಲ್ಲಿ ಮೊದಲನೇ ಕಾಲಂ ಹೆಸರು, ಎರಡನೇದು ಕ್ಲಾಸು, ಮೂರನೇದು ಬಸ್ಸು ಎಷ್ಟು ಗಂಟೆಗೆ. ನಾಲ್ಕನೇ ಕಾಲಮ್ಮಲ್ಲಿ ಅಪ್ಪ ಅಮ್ಮನ ಎರಡು ಫೋನ್ ನಂಬರ್ ಬೇಕು ಅಂತ ಹೇಳಿದ್ದೇನೆ, ಒಂದು ಸ್ವಿಚ್ ಆಫ್ ಆದ್ರೆ ಇನ್ನೊಂದು ಇರ್ಲಿ. ಕಡ್ಡಿ ಕಟ್ಟುಗಳಿಗೆ ಬೂಷ್ಟು ಬರಬಾರ್ದು ಅಂತ ನಮ್ಮ ಮನೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ, ಚೀಟಿಗಳ ಸಮೇತ.